ನೀರು ಕುಡಿದು ಕಾವಲು ನಿಲ್ಲುವ ಮಣ್ಣು

ವಿಜಯಪುರ ಜಿಲ್ಲೆಯ ಡೋಣಿ ನದಿಯ ಆಚೀಚೆ ಬೇಸಿಗೆಯಲ್ಲಿ ಹೊಲ ದಾಟುವವರು ನೆಲದ ಮೇಲೆ ಒಂದು ಕಣ್ಣಿಟ್ಟೇ ನಡೆಯಬೇಕು. ಜೋಳ ಕೊಯ್ದು ಖಾಲಿಯಾದ ಎರೆಹೊಲ ಏಪ್ರಿಲ್ ಹೊತ್ತಿಗೆ ಬಾಯಿ ಬಿಟ್ಟಿರುತ್ತದೆ. ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳು. ಹುಡುಗರ ಗೋಲಿ, ಚಿನ್ನಿ, ಒಮ್ಮೊಮ್ಮೆ ಚಪ್ಪಲಿ ಕೂಡ ಅದರೊಳಗೆ ಮಾಯ. ಮುಂಗಾರಿನ ನಾಲ್ಕು ಹದವಾದ ಮಳೆ ಬಿದ್ದರೆ ಸಾಕು, ಅದೇ ನೆಲ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ; ಎತ್ತಿನ ಗೊರಸಿಗೆ ಅಂಟಿದ ಮಣ್ಣು ಬಿಡಲೊಲ್ಲದು.

ಇಂಥ ನೆಲದ ಮೇಲೆ ಆಳವಿಲ್ಲದ ಪಾಯ ಹಾಕಿ ಕಟ್ಟಿದ ಮನೆಯ ಗೋಡೆ ಕೆಲವೇ ವರ್ಷಗಳಲ್ಲಿ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಮನೆಯ ಯಜಮಾನ ಮೇಸ್ತ್ರಿಯನ್ನು ಬೈಯುತ್ತಾನೆ. ಮೇಸ್ತ್ರಿ ಸಿಮೆಂಟನ್ನು ದೂರುತ್ತಾನೆ. ಅಜ್ಜಿ ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ಸುಡುತ್ತಾಳೆ. ಸಾಲ ಮಾಡಿ ಕಟ್ಟಿದ ಮನೆಯಾದ್ದರಿಂದ ಯಾರ ಮಾತಿನಲ್ಲೂ ಸಮಾಧಾನವಿಲ್ಲ. ಹೈಸ್ಕೂಲಿಗೆ ಹೋಗುವ ಮಗಳು ಮಾತ್ರ ಬೇರೊಂದು ಪ್ರಶ್ನೆ ಕೇಳುತ್ತಾಳೆ: "ಕೆಂಪು ಮಣ್ಣಿನ ಊರಲ್ಲಿ ಹೀಗೆ ಆಗೋದಿಲ್ಲವಲ್ಲ, ಈ ಮಣ್ಣಿಗೆ ಮಾತ್ರ ಯಾಕಿಷ್ಟು ನೀರಡಿಕೆ?"

ಉತ್ತರಕ್ಕೆ ಸ್ಪೇನ್ ದೇಶದವರೆಗೆ ಹೋಗಿಬರಬೇಕು ಎಂದರೆ ವಿಚಿತ್ರವೆನಿಸೀತು. ಆದರೆ ಎರೆಮಣ್ಣಿನ ನೀರಡಿಕೆಗೆ ಕಾರಣವಾದ ಖನಿಜದ ಅತ್ಯಂತ ಶುದ್ಧ ರೂಪಗಳಲ್ಲೊಂದು ಅಲ್ಲಿದೆ. ಆ ಖನಿಜದ ಹೆಸರು ಮಾಂಟ್‌ಮೊರಿಲೊನೈಟ್. ಫ್ರಾನ್ಸಿನ ಮಾಂಟ್‌ಮೊರಿಲಾನ್ ಎಂಬ ಊರಿನಿಂದ ಬಂದದ್ದು. ಈ ಖನಿಜ ಮತ್ತು ಇದರ ದಾಯಾದಿಗಳನ್ನು ಒಟ್ಟಾಗಿ ಸ್ಮೆಕ್ಟೈಟ್ ಎನ್ನುತ್ತಾರೆ. ಸ್ಮೆಕ್ಟೈಟೇ ಮುಖ್ಯವಾಗಿರುವ ಜೇಡಿಮಣ್ಣಿಗೆ ಬೆಂಟೊನೈಟ್ ಎಂದು ಹೆಸರು. ಅಮೆರಿಕದ ವಯೋಮಿಂಗ್‌ನಲ್ಲಿ ಭೂವಿಜ್ಞಾನಿ ವಿಲ್ಬರ್ ನೈಟ್ 1898ರಲ್ಲಿ, ಅಲ್ಲಿಯ ಬೆಂಟನ್ ಎಂಬ ಶಿಲಾಸ್ತರವನ್ನು ನೆನೆದು ಇಟ್ಟ ಹೆಸರು ಅದು.

ವಯೋಮಿಂಗ್‌ನ ಬೆಂಟೊನೈಟ್ ಹುಟ್ಟಿದ್ದು ಸಮುದ್ರದಲ್ಲಿ. ಡೈನೋಸಾರ್‌ಗಳ ಕಾಲದಲ್ಲಿ ಜ್ವಾಲಾಮುಖಿಗಳು ಉಗುಳಿದ ಬೂದಿ ಗಾಳಿಯಲ್ಲಿ ತೇಲಿ ಬಂದು ಕಡಲಿನ ತಳದಲ್ಲಿ ಕುಳಿತು, ಉಪ್ಪುನೀರಿನಲ್ಲಿ ನೆನೆದು ಜೇಡಿಯಾಯಿತು. ಹಾಸಿದ ಜಮಖಾನೆಯಂತೆ ಅದು ಮೈಲಿಗಟ್ಟಲೆ ಹರಡಿದೆ. ಸ್ಪೇನಿನ ಕಥೆ ಬೇರೆ. ಅಲ್ಲಿ ಬೆಂಟೊನೈಟ್ ಜಮಖಾನೆಯಂತೆ ಹರಡಿಲ್ಲ; ನೆಲದ ಸೀಳುಗಳ ಆಸುಪಾಸಿನಲ್ಲಿ ಗುಡ್ಡೆ ಗುಡ್ಡೆಯಾಗಿ ಕುಳಿತಿದೆ. ಸೀಳಿಗೂ ಜೇಡಿಗೂ ಏನು ಸಂಬಂಧ?

ಸ್ಪೇನಿನ ಆಗ್ನೇಯ ಮೂಲೆಯಲ್ಲಿ, ಅಲ್ಮೆರಿಯಾ ಪ್ರಾಂತದಲ್ಲಿ, ಕಾಬೊ ದೆ ಗಾತಾ ಎಂಬ ಭೂಶಿರವಿದೆ. ಯೂರೋಪಿನಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಣಗಳಲ್ಲೊಂದು. ವರ್ಷಕ್ಕೆ ಸುಮಾರು 200 ಮಿಲಿಮೀಟರ್. ಕತ್ತಾಳೆ, ಮುಳ್ಳುಕಂಟಿ, ಬೋಳುಗುಡ್ಡ. 1966ರಲ್ಲಿ ಬಂದ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಚಿತ್ರದಲ್ಲಿ ಅಮೆರಿಕದ ಮರುಭೂಮಿಯೆಂದು ಪ್ರೇಕ್ಷಕರು ನಂಬಿದ ಕೆಲವು ದೃಶ್ಯಗಳನ್ನು ತೆಗೆದದ್ದು ಇಲ್ಲಿಯೇ. 1987ರಿಂದ ಇದು ಸಂರಕ್ಷಿತ ನೈಸರ್ಗಿಕ ಉದ್ಯಾನ.

ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದಿನಿಂದ 70 ಲಕ್ಷ ವರ್ಷಗಳ ಹಿಂದಿನವರೆಗೆ ಇಲ್ಲಿ ಜ್ವಾಲಾಮುಖಿಗಳು ಬಿಟ್ಟುಬಿಟ್ಟು ಉರಿದವು. ಆಫ್ರಿಕಾದ ಭೂಫಲಕ ಯೂರೋಪಿನ ಕಡೆಗೆ ನೂಕುತ್ತಿದ್ದ, ಇಂದಿಗೂ ನೂಕುತ್ತಿರುವ, ಪ್ರದೇಶ ಇದು. ಆ ಒತ್ತಡಕ್ಕೆ ನೆಲ ಸೀಳಿತು. ಶಿಲೆ ಬರಿದೆ ಬಿರುಕು ಬಿಟ್ಟರೆ ಅದು ಬಿರುಕು ಮಾತ್ರ. ಬಿರುಕಿನ ಎರಡು ಮಗ್ಗುಲುಗಳೂ ಒಂದಕ್ಕೊಂದು ಉಜ್ಜಿಕೊಂಡು ಸರಿದರೆ ಅದನ್ನು ಸ್ತರಭಂಗ ಎನ್ನುತ್ತಾರೆ. ಇಲ್ಲಿಯ ದೊಡ್ಡ ಸ್ತರಭಂಗದ ಹೆಸರು ಕಾರ್ಬೊನೆರಾಸ್. ಈಶಾನ್ಯದಿಂದ ನೈಋತ್ಯಕ್ಕೆ ನೆಲವನ್ನು ಕೊರೆದುಕೊಂಡು ಹೋಗಿ ಅದು ಮೆಡಿಟರೇನಿಯನ್ ಕಡಲೊಳಗೆ ಇಳಿಯುತ್ತದೆ. 1522ರ ಸೆಪ್ಟೆಂಬರ್ 22ರಂದು ಅಲ್ಮೆರಿಯಾ ನಗರವನ್ನು ಕೆಡವಿದ ಭೂಕಂಪಕ್ಕೆ ಈ ಸ್ತರಭಂಗದ ಕಡಲೊಳಗಿನ ಭಾಗವೇ ಕಾರಣವಿರಬೇಕೆಂದು ಭೂವಿಜ್ಞಾನಿಗಳು ಭಾವಿಸುತ್ತಾರೆ. ಇದೇ ಸ್ತರಭಂಗದ ಗುಂಟ ಸೆರಾತಾ ದೆ ನಿಹಾರ್ ಎಂಬ ತಗ್ಗು ಗುಡ್ಡಸಾಲಿದೆ. ಅದರ ಮೈಯಲ್ಲಿ ಕೊರ್ತಿಹೊ ದೆ ಆರ್ಚಿದೊನಾ ಎಂಬ ಬೆಂಟೊನೈಟ್ ನಿಕ್ಷೇಪವಿದೆ. ಅಲ್ಲಿಯ ಮಣ್ಣಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಸ್ಮೆಕ್ಟೈಟ್.

ಕಲ್ಲು ಹೀಗೆ ಮಣ್ಣಾಗಲು ಮೊದಲು ಬೇಕಾದದ್ದು ಗಾಜು. ಬೆಲ್ಲದ ಪಾಕ ಕಾಯಿಸುವ ತಾಯಂದಿರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಗಟ್ಟಿ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಅದು ತಟ್ಟನೆ ನಯವಾದ, ಹೊಳೆಯುವ ಉಂಡೆಯಾಗುತ್ತದೆ. ಅದರಲ್ಲಿ ಹರಳಿಲ್ಲ, ಅಣುಗಳಿಗೆ ಸಾಲಾಗಿ ಕೂರಲು ಸಮಯವೇ ಸಿಕ್ಕಿಲ್ಲ. ಸಕ್ಕರೆ ಪಾಕವನ್ನು ನಿಧಾನವಾಗಿ ಆರಲು ಬಿಟ್ಟರೆ ಕಲ್ಲುಸಕ್ಕರೆಯಂಥ ಹರಳುಗಳು ಮೂಡುತ್ತವೆ. ಜ್ವಾಲಾಮುಖಿಯಿಂದ ಚಿಮ್ಮಿದ ಶಿಲಾರಸವೂ ಹಾಗೆಯೇ. ಗಾಳಿಗೆ ಸಿಡಿದ ಬೂದಿ ಕ್ಷಣದಲ್ಲಿ ತಣಿದು ಗಾಜಾಗುತ್ತದೆ. ಹರಳುಗಟ್ಟಿದ ಶಿಲೆ ನೆಮ್ಮದಿಯ ಸ್ಥಿತಿಯಲ್ಲಿರುತ್ತದೆ; ಗಾಜು ಅವಸರದಲ್ಲಿ ಕೂತ ಸ್ಥಿತಿಯಲ್ಲಿರುತ್ತದೆ. ನೀರು ಮುಟ್ಟಿದರೆ ಮೊದಲು ಬದಲಾಗುವುದು ಗಾಜೇ.

ಎರಡನೆಯದು ದಾರಿ. ಬೂದಿ ಬಿದ್ದು ಗಟ್ಟಿಯಾದ ಶಿಲೆಯೊಳಗೆ ನೀರು ತಾನಾಗಿ ಬಹಳ ದೂರ ಹೋಗಲಾರದು. ಸ್ತರಭಂಗ ಆ ದಾರಿಯನ್ನು ತೆರೆಯುತ್ತದೆ. ಬೀಸುವ ಕಲ್ಲಿನ ಎರಡು ಹೋಳುಗಳ ನಡುವೆ ಜೋಳ ಸಿಕ್ಕಂತೆ, ಸರಿಯುವ ಎರಡು ಮಗ್ಗುಲುಗಳ ನಡುವಿನ ಶಿಲೆ ನುಚ್ಚಾಗುತ್ತದೆ, ಹಿಟ್ಟಾಗುತ್ತದೆ. ಆಚೀಚೆಯ ಶಿಲೆಯಲ್ಲಿ ನೂರಾರು ಸಣ್ಣ ಸೀಳುಗಳು ಹುಟ್ಟುತ್ತವೆ. ಮಳೆಯ ನೀರು ಅವುಗಳಲ್ಲಿ ಆಳಕ್ಕೆ ಇಳಿಯುತ್ತದೆ. ಆಳದಲ್ಲಿ ಜ್ವಾಲಾಮುಖಿಯ ಕಾವು ಇನ್ನೂ ಆರಿರುವುದಿಲ್ಲ. ಬಿಸಿಯಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣನೆಯ ನೀರು ಆ ಜಾಗಕ್ಕೆ ಇಳಿಯುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ನಡೆಯುವ ಪರಿಚಲನೆಯೇ ನೆಲದೊಳಗೆ ಸಾವಿರಾರು ವರ್ಷ ನಡೆಯುತ್ತದೆ. ಹೊಸ ನೀರು ಬರುತ್ತಿರುತ್ತದೆ, ಕರಗಿದ್ದನ್ನು ಹೊತ್ತ ಹಳೆಯ ನೀರು ಹೋಗುತ್ತಿರುತ್ತದೆ. ಕಲ್ಲನ್ನು ಬದಲಿಸುವುದು ಈ ಹೋಗಿಬರುವಿಕೆಯೇ.

ಆ ನೀರು ಕುದಿಯುವ ನೀರಾಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಜೇಡಿಯೊಳಗೆ ಸಿಕ್ಕಿಕೊಂಡಿರುವ ಆಮ್ಲಜನಕ ಮತ್ತು ಜಲಜನಕಗಳಲ್ಲಿ ಭಾರವಾದ ಪರಮಾಣು ಎಷ್ಟು, ಹಗುರವಾದದ್ದು ಎಷ್ಟು ಎಂದು ಅಳೆದರೆ, ಅದು ಯಾವ ನೀರಿನಲ್ಲಿ, ಎಷ್ಟು ಬಿಸಿಯಲ್ಲಿ ಹುಟ್ಟಿತೆಂದು ಲೆಕ್ಕ ಹಾಕಬಹುದು. ಕಾಬೊ ದೆ ಗಾತಾದ ಜೇಡಿ ಹೇಳುವ ಸಾಕ್ಷಿಯೆಂದರೆ, ನೀರು ಹೆಚ್ಚಾಗಿ ಮಳೆಯದು, ಉಷ್ಣಾಂಶ 100 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ.

ಇದೇ ಉದ್ಯಾನದ ರೊದಾಲ್ಕಿಲಾರ್ ಎಂಬ ಊರಿನ ಬಳಿ ಅದೇ ಬಗೆಯ ಜ್ವಾಲಾಮುಖಿ ಶಿಲೆಯೊಳಗೆ ಬಹಳ ಬಿಸಿಯಾದ, ಆಮ್ಲದಿಂದ ಹುಳಿಯಾದ ನೀರು ಹರಿದಿತ್ತು. ಅಲ್ಲಿ ಬೆಂಟೊನೈಟ್ ಸಿಗಲಿಲ್ಲ. ಪಟಿಕಕ್ಕೆ ಹತ್ತಿರದ ಅಲುನೈಟ್ ಎಂಬ ಕಲ್ಲೂ ಚಿನ್ನವೂ ಸಿಕ್ಕವು. ಚಿನ್ನದ ಆಸೆಗೆ ಊರು ಬೆಳೆಯಿತು. 1966ರಲ್ಲಿ ದೊಡ್ಡ ಗಣಿ ಮುಚ್ಚಿದ ಮೇಲೆ ಜನ ಊರು ಬಿಟ್ಟರು. ಬೆಚ್ಚಗಿನ, ಹುಳಿಯಿಲ್ಲದ ನೀರು ಹರಿದ ಕಡೆ ಉಳಿದದ್ದು ಬೂದು, ಬಿಳಿ, ಹಸಿರು ಛಾಯೆಯ ಮೆತ್ತನೆಯ ಜೇಡಿ. ಆ ಮಣ್ಣನ್ನು ತೆಗೆದದ್ದೂ ಚಿನ್ನದಂತೆ ಗಣಿಗಾರಿಕೆಯಿಂದಲೇ. ಗುಡ್ಡದ ಮೈಯಲ್ಲಿ ಅದರ ಗಾಯಗಳು ಇಂದಿಗೂ ಕಾಣುತ್ತವೆ.

ಇನ್ನು ಗಾಜಿನೊಳಗೆ ನಡೆದದ್ದೇನು? ಗಾಜಿನಲ್ಲಿ ಸಿಲಿಕಾನ್, ಅಲ್ಯುಮಿನಿಯಂ, ಸೋಡಿಯಂ, ಪೊಟಾಸಿಯಂ, ಅಷ್ಟಿಷ್ಟು ಮೆಗ್ನೀಸಿಯಂ ಮತ್ತು ಕಬ್ಬಿಣ ಇರುತ್ತವೆ. ನೀರು ಮೊದಲು ಸುಲಭವಾಗಿ ಕರಗುವ ಸೋಡಿಯಂ, ಪೊಟಾಸಿಯಂಗಳನ್ನು ಕದ್ದೊಯ್ಯುತ್ತದೆ. ಸಿಲಿಕಾದ ಒಂದು ಪಾಲೂ ಹೊರಟುಹೋಗಿ ಬೇರೆಲ್ಲೋ ಓಪಲ್ ಆಗಿ ಕೂರುತ್ತದೆ. ಉಳಿದವು ಹೊಸ ಕ್ರಮದಲ್ಲಿ ಪದರ ಪದರವಾಗಿ ಜೋಡಿಸಿಕೊಳ್ಳುತ್ತವೆ. ಪೊಟಾಸಿಯಂ ಹೋಗದೆ ಉಳಿದರೆ ಬೇರೆ ಖನಿಜ ಹುಟ್ಟುತ್ತದೆ; ನೀರು ಅತಿಯಾಗಿ ತೊಳೆದು ಮೆಗ್ನೀಸಿಯಂ ಕೂಡ ಹೋದರೆ ಉಬ್ಬದ ಕಯೊಲಿನ್ ಹುಟ್ಟುತ್ತದೆ. ಬೆಂಟೊನೈಟ್ ಎಂಬುದು ಹದ ತಪ್ಪದ ಅಡುಗೆ.

ಪದರದ ರಚನೆ ಹೋಳಿಗೆಯಂಥದು. ಮೇಲೊಂದು, ಕೆಳಗೊಂದು ಸಿಲಿಕಾದ ಕಣಕ. ನಡುವೆ ಅಲ್ಯುಮಿನಿಯಂನ ಹೂರಣ. ಒಂದು ಹೋಳಿಗೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಹೂರಣದಲ್ಲಿ ಅಲ್ಲಲ್ಲಿ ಅಲ್ಯುಮಿನಿಯಂನ ಜಾಗಕ್ಕೆ ಮೆಗ್ನೀಸಿಯಂ ಬಂದು ಕೂತಿರುತ್ತದೆ. ಅಲ್ಯುಮಿನಿಯಂಗೆ ಮೂರು ಧನ ವಿದ್ಯುದಂಶ, ಮೆಗ್ನೀಸಿಯಂಗೆ ಎರಡೇ. ಹೀಗೆ ಪ್ರತಿ ಹೋಳಿಗೆಗೂ ಸ್ವಲ್ಪ ಋಣ ವಿದ್ಯುದಂಶ ಉಳಿಯುತ್ತದೆ. ಆ ಕೊರತೆ ತುಂಬಲು ಹೋಳಿಗೆಗಳ ನಡುವೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಸಡಿಲವಾಗಿ ಕೂತಿರುತ್ತವೆ. ಅವುಗಳಿಗೆ ನೀರೆಂದರೆ ಪ್ರಾಣ. ನೀರಿನ ಅಣುಗಳು ಅವನ್ನು ಸುತ್ತುವರಿಯಲು ನುಗ್ಗುತ್ತವೆ, ಹೋಳಿಗೆಗಳು ದೂರ ಸರಿಯುತ್ತವೆ, ಅಟ್ಟಿ ಎತ್ತರವಾಗುತ್ತದೆ. ಮಣ್ಣು ಉಬ್ಬುವುದೆಂದರೆ ಇದೇ. ನೀರು ಆರಿದಾಗ ಅಟ್ಟಿ ಕುಸಿಯುತ್ತದೆ, ನೆಲ ಬಿರಿಯುತ್ತದೆ.

ಒಂದು ಗ್ರಾಂ ಶುದ್ಧ ಸ್ಮೆಕ್ಟೈಟಿನ ಎಲ್ಲ ಪದರಗಳನ್ನೂ ಬಿಡಿಸಿ ಹಾಸಿದರೆ ಸುಮಾರು 750 ಚದರ ಮೀಟರ್ ಮೇಲ್ಮೈ ಸಿಗುತ್ತದೆ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂಥ ಹೆಚ್ಚುಕಡಿಮೆ ಆರು ಅಂಕಣಗಳಷ್ಟು ಜಾಗ ಒಂದು ಚಿಟಿಕೆ ಮಣ್ಣಿನಲ್ಲಿ ಮಡಿಚಿಟ್ಟಿದೆ ಎಂದಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಸೀಳಿನಲ್ಲಿ ಬಂದ ನೀರು ಜೇಡಿಯನ್ನು ಮಾಡಿತು. ಜೇಡಿ ಅದೇ ನೀರು ಕುಡಿದು ಉಬ್ಬಿ ಸೀಳನ್ನೇ ಮುಚ್ಚಿತು. ಸ್ತರಭಂಗ ಮತ್ತೆ ಅಲುಗಿ ಹೊಸ ಸೀಳು ತೆರೆದರೆ ಮಾತ್ರ ನೀರು ಮುಂದಕ್ಕೆ ಹೋದೀತು. ಆದ್ದರಿಂದಲೇ ನಿಕ್ಷೇಪದೊಳಗೆ ಜೇಡಿಯ ನಡುವೆ ನೀರು ತಲುಪದೆ ಉಳಿದ ಗಟ್ಟಿ ಕಲ್ಲಿನ ಉಂಡೆಗಳು ಸಿಗುತ್ತವೆ. ಸೀಳಿನಿಂದ ದೂರ ಹೋದಂತೆ ಮೂಲ ಶಿಲೆ ಹಾಗೆಯೇ ಇರುತ್ತದೆ. ಗಾಯದಲ್ಲಿ ಹರಿದ ನೆತ್ತರು ಹೆಪ್ಪುಗಟ್ಟಿ ಗಾಯವನ್ನು ಮುಚ್ಚುವಂತೆ ಎನ್ನಬಹುದು.

ಆದರೆ ಈ ಮಣ್ಣನ್ನು ಸಾಧು ಎಂದು ತಿಳಿಯಬಾರದು. ನೆನೆದ ಸ್ಮೆಕ್ಟೈಟ್ ಬಹಳ ಜಾರು. ಜಪಾನಿನಲ್ಲಿ 2011ರ ಮಾರ್ಚ್ 11ರಂದು ಮಹಾಭೂಕಂಪವಾಗಿ ಸುನಾಮಿ ಎದ್ದಿತಷ್ಟೆ. ಮರುವರ್ಷ 'ಚಿಕ್ಯೂ' ಎಂಬ ಹಡಗಿನಿಂದ ವಿಜ್ಞಾನಿಗಳು ಕಡಲ ತಳವನ್ನು ಕೊರೆದು ಸರಿದ ಸ್ತರಭಂಗದ ತುಣುಕನ್ನು ಮೇಲೆ ತಂದರು. ಅದು ಸ್ಮೆಕ್ಟೈಟ್ ತುಂಬಿದ ತೆಳುವಾದ ಜೇಡಿಯ ಪದರವಾಗಿತ್ತು. ಕಡಲ ತಳ ಅಷ್ಟು ದೂರ ಜಾರಿಹೋಗಲು ಈ ದುರ್ಬಲ ಜೇಡಿ ಒಂದು ಕಾರಣ. ನೀರನ್ನು ತಡೆಯುವ ಗುಣವೂ ನೆಲವನ್ನು ಜಾರಿಸುವ ಗುಣವೂ ಒಂದೇ ಪದರದಲ್ಲಿವೆ.

ಹಾಗಿದ್ದೂ ಈ ಮಣ್ಣಿನ ಮೇಲೆ ಮನುಷ್ಯ ಬಹು ದೊಡ್ಡ ಭಾರ ಹೊರಿಸಲು ಹೊರಟಿದ್ದಾನೆ. ಪರಮಾಣು ವಿದ್ಯುತ್ ಸ್ಥಾವರದಲ್ಲಿ ಬಳಸಿ ತೆಗೆದ ಇಂಧನ ಲಕ್ಷ ವರ್ಷದವರೆಗೂ ಅಪಾಯಕಾರಿ. ಅದನ್ನು ಆಳದ ಶಿಲೆಯಲ್ಲಿ ಹೂಳುವುದೇ ದಾರಿಯೆಂದು ಹಲವು ದೇಶಗಳು ತೀರ್ಮಾನಿಸಿವೆ. ಹೂತ ಪೆಟ್ಟಿಗೆಯ ಬಳಿಗೆ ನೀರು ಹೋಗಬಾರದು, ಹೋದರೂ ವಿಷವನ್ನು ಹೊತ್ತು ಹೊರಬರಬಾರದು. ಸುತ್ತಲೂ ಒತ್ತಿ ತುಂಬಿದ ಬೆಂಟೊನೈಟ್ ಇದ್ದರೆ, ಬಂದ ಮೊದಲ ನೀರನ್ನು ಅದೇ ಕುಡಿದು ಉಬ್ಬಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಫಿನ್ಲೆಂಡಿನವರು ಓಲ್ಕಿಲುಓಟೊ ದ್ವೀಪದಲ್ಲಿ 400 ಮೀಟರಿಗೂ ಹೆಚ್ಚು ಆಳದಲ್ಲಿ ಕೊರೆದಿರುವ ಸುರಂಗಗಳ ಯೋಜನೆ ಈ ನಂಬಿಕೆಯ ಮೇಲೆಯೇ ನಿಂತಿದೆ.

ನಂಬಿಕೆ ಸಾಲದು, ಪರೀಕ್ಷೆ ಬೇಕು. ಕೊರ್ತಿಹೊ ದೆ ಆರ್ಚಿದೊನಾದ ಮಣ್ಣನ್ನು ಇಟ್ಟಿಗೆಗಳಾಗಿ ಒತ್ತಿ ಸ್ವಿಟ್ಜರ್‌ಲೆಂಡಿನ ಗ್ರಿಮ್ಸೆಲ್ ಬೆಟ್ಟದೊಳಗಿನ ಪ್ರಯೋಗಾಲಯಕ್ಕೆ ಒಯ್ದರು. ಗ್ರಾನೈಟ್ ಸುರಂಗದಲ್ಲಿ ತ್ಯಾಜ್ಯದ ಪೆಟ್ಟಿಗೆಗಳ ಬದಲು ಎರಡು ವಿದ್ಯುತ್ ಹೀಟರುಗಳನ್ನಿಟ್ಟು ಸುತ್ತಲೂ ಆ ಇಟ್ಟಿಗೆಗಳನ್ನು ಪೇರಿಸಿದರು. ಫೆಬೆಕ್ಸ್ ಎಂಬುದು ಈ ಪ್ರಯೋಗದ ಹೆಸರು. 1997ರ ಫೆಬ್ರವರಿಯಲ್ಲಿ ಹೀಟರು ಹಚ್ಚಿ 100 ಡಿಗ್ರಿಗೆ ನಿಲ್ಲಿಸಿದರು. ಒಂದನ್ನು 2002ರಲ್ಲಿ ಬಿಚ್ಚಿ ನೋಡಿದರು. ಇನ್ನೊಂದನ್ನು 2015ರಲ್ಲಿ, 18 ವರ್ಷ ಕಾಯಿಸಿದ ಮೇಲೆ, ತೆರೆದರು. ಬೆಟ್ಟದಿಂದ ಜಿನುಗಿದ ನೀರನ್ನು ಕುಡಿದ ಇಟ್ಟಿಗೆಗಳು ಉಬ್ಬಿ, ನಡುವಿನ ಸಂದುಗಳು ಮುಚ್ಚಿಹೋಗಿದ್ದವು. ಬಿಸಿಯ ಹತ್ತಿರ ಮಣ್ಣು ಒಣಗಿತ್ತು, ದೂರದಲ್ಲಿ ತೊಯ್ದಿತ್ತು. ಆದರೂ ತನ್ನ ಗುಣವನ್ನು ಉಳಿಸಿಕೊಂಡಿತ್ತು.

18 ವರ್ಷವೆಲ್ಲಿ, ಲಕ್ಷ ವರ್ಷವೆಲ್ಲಿ? ಈ ಸಂಶಯ ವಿಜ್ಞಾನಿಗಳಿಗೂ ಇತ್ತು. ಅಷ್ಟು ದೀರ್ಘ ಪ್ರಯೋಗವನ್ನು ಯಾವ ಪ್ರಯೋಗಾಲಯವೂ ಮಾಡಲಾರದು. ಹಾಗಾಗಿ ನಿಸರ್ಗವೇ ಮಾಡಿಟ್ಟ ಪ್ರಯೋಗವನ್ನು ಹುಡುಕಿಕೊಂಡು ಅವರು ಮತ್ತೆ ಕಾಬೊ ದೆ ಗಾತಾಕ್ಕೇ ಬಂದರು. ಅಲ್ಲಿ ಮೊರ್ರೊನ್ ದೆ ಮತೇಯೊ ಎಂಬ ಕಡೆ ಜ್ವಾಲಾಮುಖಿಯ ಶಿಲಾರಸ ಗುಮ್ಮಟದಂತೆ ನುಗ್ಗಿ ಪಕ್ಕದ ಬೆಂಟೊನೈಟನ್ನು ಬೇಯಿಸಿತ್ತು. ಗುಮ್ಮಟದ ಪಕ್ಕದ ಜೇಡಿ ಎಷ್ಟು ಬದಲಾಗಿದೆ, ದೂರದ್ದು ಎಷ್ಟು ಎಂದು ಹೆಜ್ಜೆ ಹೆಜ್ಜೆಗೂ ಮಾದರಿ ತೆಗೆದು ಅಳೆದರು. ಲಕ್ಷಾಂತರ ವರ್ಷದ ಹಿಂದೆ ನಡೆದುಹೋದ ಘಟನೆ ಹೀಗೆ ಮುಂದಿನ ಲಕ್ಷ ವರ್ಷಕ್ಕೆ ಸಾಕ್ಷಿ ಹೇಳಬೇಕಾಗಿದೆ. ಇಂದು ದೀಪ ಹಚ್ಚಿಕೊಂಡವರು ಹೂತಿಟ್ಟ ಬುತ್ತಿಯನ್ನು, ಅವರ ಭಾಷೆಯನ್ನೇ ಅರಿಯದ ಮಕ್ಕಳ ಮಕ್ಕಳಿಗಾಗಿ ಕಾಯಬೇಕಾದದ್ದು ಒಂದು ಮುಷ್ಟಿ ಮಣ್ಣು. ಕೈಗಾದಂಥ ಸ್ಥಾವರಗಳಿಂದ ಬೆಳಕು ಪಡೆಯುವ ಮನೆಗಳೂ ಯೋಚಿಸಬೇಕಾದ ಮಾತಿದು.

ಈಗ ಡೋಣಿ ದಂಡೆಯ ಮನೆಗೆ ಹಿಂದಿರುಗಬಹುದು. ಅಲ್ಲಿಯ ಎರೆಮಣ್ಣು ಬೆಂಟೊನೈಟ್ ಅಲ್ಲ. ಸ್ತರಭಂಗದ ಬಿಸಿನೀರಿನಲ್ಲಿ ಹುಟ್ಟಿದ್ದೂ ಅಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಹರಿದ ಲಾವಾ ಕಪ್ಪು ಕಲ್ಲಾಗಿ, ಆ ಕಲ್ಲು ಮಳೆ ಬಿಸಿಲಿಗೆ ನಿಧಾನವಾಗಿ ಸವೆದು ಆದ ಮಣ್ಣು ಅದು. ಹುಟ್ಟಿದ ದಾರಿ ಬೇರೆ, ಒಳಗಿನ ಹೋಳಿಗೆ ಮಾತ್ರ ಅದೇ ಮನೆತನದ್ದು. ಆದ್ದರಿಂದಲೇ ಬಿಳಿಜೋಳ ಮಳೆ ನಿಂತ ಮೇಲೂ ನೆಲದೊಳಗಿನ ತೇವ ಕುಡಿದು ಬೆಳೆಯುತ್ತದೆ. ಆದ್ದರಿಂದಲೇ ಗೋಡೆಯೂ ಸೀಳುತ್ತದೆ. ಒಂದನ್ನು ಕೊಡುವ ಗುಣವೇ ಇನ್ನೊಂದನ್ನು ಕೆಡಿಸುತ್ತದೆ.

ಇದನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಜಾಲಿಸಿದ ಎರೆಮಣ್ಣು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಿಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯ ಕೆಲಸವನ್ನು ಶಿಕ್ಷಕರ ಎದುರಿನಲ್ಲೇ, ಬೆಂಕಿಯಿಂದ ದೂರದಲ್ಲಿ ಮಾಡಬೇಕು. ಕಲಕಿ 24 ಗಂಟೆ ಬಿಟ್ಟರೆ ನೀರಿನ ಜಾಡಿಯಲ್ಲಿ ಮಣ್ಣು ಎತ್ತರಕ್ಕೆ ಉಬ್ಬಿರುತ್ತದೆ, ಸೀಮೆಎಣ್ಣೆಯಲ್ಲಿ ಉಬ್ಬಿರುವುದಿಲ್ಲ. ಎಂಜಿನಿಯರುಗಳು ಕಟ್ಟಡದ ನೆಲವನ್ನು ಅಳೆಯುವ ಪರೀಕ್ಷೆಯೂ ಇದೇ. ಎರೆಭೂಮಿಯಲ್ಲಿ ಋತುಮಾನಕ್ಕೆ ತಕ್ಕಂತೆ ತೇವ ಏರಿಳಿಯುವುದು ಮೇಲಿನ ಸುಮಾರು ಮೂರೂವರೆ ಮೀಟರಿನಲ್ಲಿ. ಪಾಯ ಅದಕ್ಕಿಂತ ಕೆಳಗೆ ಹೋಗಿ ನಿಂತರೆ ಗೋಡೆ ನಿಲ್ಲುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ, ತಳದಲ್ಲಿ ಗಡ್ಡೆಯಂತೆ ದಪ್ಪವಾಗುವ ಕಂಬದ ಪಾಯವನ್ನು ರೂಪಿಸಿದೆ.

ಸೀಳಿದ ಗೋಡೆಯ ಮನೆಯಲ್ಲಿ ಆ ಎರಡು ಜಾಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೇಸ್ತ್ರಿಯ ಮೇಲಿನ ಸಿಟ್ಟು ಪೂರ್ತಿ ಹೋಗದಿರಬಹುದು. ಅವನಿಗೂ ನೆಲದ ಗುಣ ಗೊತ್ತಿರಬೇಕಾಗಿತ್ತು. ಆದರೆ ಮುಂದಿನ ಕೋಣೆ ಕಟ್ಟುವಾಗ ಯಜಮಾನ ಸಿಮೆಂಟಿನ ಬ್ರಾಂಡು ಕೇಳುವ ಮೊದಲು ಪಾಯದ ಆಳ ಕೇಳುತ್ತಾನೆ. ಅಷ್ಟಾದರೆ ಮಗಳ ಪ್ರಶ್ನೆಗೆ ಬೆಲೆ ಬಂದಂತೆ.